ಕ್ಯಾಮೆರಾ ಕೇಳುವ ಮೊದಲು ಟ್ಯೂಬ್‌ಲೈಟ್ ನೋಡಿ

ಜಿಮ್‌ನಲ್ಲಿ ವಿಡಿಯೋ ತೆಗೆಯೋಕೆ ಕಡಿಮೆ ದುಡ್ಡಲ್ಲಿ ಯಾವ ಕ್ಯಾಮೆರಾ ತಗೊಳ್ಳಲಿ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ. ನಿಮ್ಮ ಜಿಮ್‌ನಲ್ಲಿ ಲೈಟ್ ಎಂಥದ್ದು? ಬಜೆಟ್ ಎಷ್ಟು, ಯಾವ ಕಂಪನಿ, 4ಕೆ ಬೇಕಾ ಬೇಡ್ವಾ, ಅದೆಲ್ಲ ಆಮೇಲೆ. ಕೇಳಿದವರಿಗೆ ಇದರಿಂದ ಸ್ವಲ್ಪ ಕಿರಿಕಿರಿ ಆಗುತ್ತದೆ. ಅವರಿಗೆ ಬೇಕಿರುವುದು ಒಂದು ಹೆಸರು, ಮಾಡೆಲ್ ನಂಬರ್ ಸಮೇತ. ಹೆಸರು ಹೇಳೋಣ, ಆದರೆ ನಿಧಾನಕ್ಕೆ.

ನಾನಿರುವುದು ಮೈಸೂರಿನಲ್ಲಿ, ಊರು ಮಂಡ್ಯದ ಕಡೆ. ವಾರವೆಲ್ಲ ಕುವೆಂಪುನಗರದ ಒಂದು ಸಣ್ಣ ಜಿಮ್, ರಜೆ ಸಿಕ್ಕಿದರೆ ಊರಿನ ಕಬಡ್ಡಿ. ಅಕ್ಕನ ಮಗ ರೈಡರ್, ಚೆನ್ನಾಗಿಯೇ ಆಡುತ್ತಾನೆ. ಅವನ ಆಟ ತೆಗೆಯಬೇಕು, ಜಿಮ್ ಹುಡುಗರ ಸ್ಕ್ವಾಟ್ (ಭಾರ ಹೊತ್ತು ಕೂತು ಏಳುವುದು) ತೆಗೆಯಬೇಕು, ಎರಡಕ್ಕೂ ಒಂದೇ ಕ್ಯಾಮೆರಾ ಆಗಬೇಕು, ಖರ್ಚು 30,000 ರೂಪಾಯಿ ದಾಟಬಾರದು. ಹುಡುಕಲು ಕೂತ ಮೇಲೆ ಗೊತ್ತಾಗಿದ್ದು ಏನೆಂದರೆ, ಇವೆರಡೂ ಬೇರೆ ಬೇರೆ ಕೆಲಸ. ಒಂದಕ್ಕೆ ಬೇಕಾದದ್ದು ಇನ್ನೊಂದಕ್ಕೆ ಬೇಡ.

ಮೊದಲು ಜಿಮ್. ನಮ್ಮ ಬಡಾವಣೆಗಳ ಜಿಮ್‌ಗಳು ಹೇಗಿರುತ್ತವೆ ಅಂತ ನಿಮಗೆ ಗೊತ್ತು. 30×40 ಅಡಿ ಸೈಟಿನ ಕಟ್ಟಡ, ಮೇಲಿನ ಮಹಡಿ, ಒಂದು ಗೋಡೆ ತುಂಬ ಕನ್ನಡಿ, ತಲೆ ಮೇಲೆ ಸಾಲಾಗಿ ಎಲ್‌ಇಡಿ ಟ್ಯೂಬ್. ಕಣ್ಣಿಗೆ ಝಗಮಗ ಅನ್ನಿಸುತ್ತದೆ. ಕ್ಯಾಮೆರಾಗೆ ಅದು ಮಬ್ಬು ಬೆಳಕು. ಹೊರಗಿನ ಬಿಸಿಲಿಗೆ ಹೋಲಿಸಿದರೆ ನೂರರಲ್ಲಿ ಒಂದು ಪಾಲೂ ಇರುವುದಿಲ್ಲ. ಕಣ್ಣು ತಾನೇ ಹೊಂದಿಕೊಳ್ಳುತ್ತದೆ, ಹಾಗಾಗಿ ನಮಗೆ ಆ ವ್ಯತ್ಯಾಸ ತಿಳಿಯುವುದೇ ಇಲ್ಲ.

ಮಬ್ಬು ಒಂದು ತೊಂದರೆ, ಮಿನುಗುವುದು ಇನ್ನೊಂದು. ನಮ್ಮಲ್ಲಿ ಕರೆಂಟ್ 50 ಹರ್ಟ್ಸ್. ಅಗ್ಗದ ಎಲ್‌ಇಡಿಗಳು ಆ ಲೆಕ್ಕಕ್ಕೆ ಸೆಕೆಂಡಿಗೆ 100 ಸಲ ಏರಿ ಇಳಿಯುತ್ತವೆ. ಕ್ಯಾಮೆರಾದ ಶಟರ್, ಅಂದರೆ ವಿಡಿಯೋದ ಒಂದೊಂದು ಚಿತ್ರಕ್ಕೆ (ಫ್ರೇಮಿಗೆ) ಬೆಳಕು ಬಿಡುವ ಹೊತ್ತು, 1/100 ಅಥವಾ 1/50 ಸೆಕೆಂಡಿನಲ್ಲಿ ಇದ್ದರೆ ಪ್ರತಿ ಫ್ರೇಮಿಗೂ ಪೂರ್ತಿ ಏರಿಳಿತ ಸಿಗುತ್ತದೆ, ಚಿತ್ರ ನೆಟ್ಟಗಿರುತ್ತದೆ. ಶಟರ್ 1/60ಕ್ಕೋ 1/250ಕ್ಕೋ ಹೋದರೆ ಚಿತ್ರದ ಮೇಲೆ ಕಪ್ಪು ಪಟ್ಟಿಗಳು ಹರಿದಾಡುತ್ತವೆ. ಬಹಳ ಜನ ಇದನ್ನು ನೋಡಿ ಕ್ಯಾಮೆರಾ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಕ್ಯಾಮೆರಾ ಸರಿಯಾಗಿಯೇ ಇದೆ, ಮೆನು ಒಳಗೆ ಎನ್‌ಟಿಎಸ್‌ಸಿ (60 ಹರ್ಟ್ಸ್ ಕರೆಂಟಿನ ಲೆಕ್ಕ) ಇರುವ ಕಡೆ ಪಾಲ್ (50 ಹರ್ಟ್ಸ್ ಲೆಕ್ಕ) ಅಂತ ಬದಲಾಯಿಸಿ. ಆಗ 25, 50, 100 ಫ್ರೇಮಿನ ಲೆಕ್ಕ ಬರುತ್ತದೆ, ನಮ್ಮ ಕರೆಂಟಿಗೆ ಹೊಂದುತ್ತದೆ. ಗೋಪ್ರೊ ಥರದ ಪುಟ್ಟ ಆ್ಯಕ್ಷನ್ ಕ್ಯಾಮೆರಾಗಳಲ್ಲಿ ಆಂಟಿ ಫ್ಲಿಕರ್ (ಮಿನುಗು ತಡೆ) ಅಂತ ಇರುತ್ತದೆ, ಅದನ್ನು 50ಕ್ಕೆ ಇಡಬೇಕು. ಸೋನಿ ಕ್ಯಾಮೆರಾಗಳಲ್ಲಿ ಪಾಲ್‌ಗೆ ಬದಲಾಯಿಸಿದರೆ ಕಾರ್ಡ್ ಮತ್ತೆ ಫಾರ್ಮ್ಯಾಟ್ ಮಾಡು ಅನ್ನುತ್ತದೆ, ಒಳಗಿರುವುದನ್ನೆಲ್ಲ ಮೊದಲೇ ತೆಗೆದಿಟ್ಟುಕೊಳ್ಳಿ.

ಫೋನಿನ 240 ಫ್ರೇಮ್ ಸ್ಲೋ ಮೋಷನ್ ಜಿಮ್‌ನಲ್ಲಿ ಕೈಕೊಡುವುದೂ ಇದೇ ಕಾರಣಕ್ಕೆ. ಸೆಕೆಂಡಿಗೆ 240 ಫ್ರೇಮ್ ಬೇಕೆಂದರೆ ಒಂದೊಂದಕ್ಕೂ 1/240 ಸೆಕೆಂಡಿಗಿಂತ ಜಾಸ್ತಿ ಹೊತ್ತು ಸಿಗುವುದಿಲ್ಲ. ಅಂಥ ಟ್ಯೂಬ್ ಕೆಳಗೆ ಮಿನುಗು ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ಕಿಟಕಿ ಪಕ್ಕ ಬೆಳಗ್ಗೆ ತೆಗೆದರೆ ಸರಿಹೋಗುತ್ತದೆ. ಲೈಟ್ ಬದಲಾಯಿಸಿ ಅಂತ ಜಿಮ್ ಓನರ್ ಹತ್ತಿರ ಹೇಳಿ ನೋಡಬಹುದು, ಆದರೆ ಫೀಸ್ ಕೊಡೋಕೆ ಹೋದಾಗ ಹೇಳಬೇಡಿ.

ಇಷ್ಟಕ್ಕೂ ಜಿಮ್‌ಗೆ ಅಷ್ಟೊಂದು ಫ್ರೇಮ್ ಯಾಕೆ ಬೇಕು? ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಭಾರದ ಸ್ಕ್ವಾಟ್‌ನಲ್ಲಿ ಪ್ಲೇಟ್ ಹಾಕಿದ ಕಬ್ಬಿಣದ ಬಾರ್ ಮೇಲಕ್ಕೆ ಏರುವುದು ಸೆಕೆಂಡಿಗೆ ಅರ್ಧ ಮೀಟರ್ ಆಸುಪಾಸು. 1/100 ಸೆಕೆಂಡಿನಲ್ಲಿ ಅದು ಸರಿಯುವುದು ಅರ್ಧ ಸೆಂಟಿಮೀಟರ್. ಅಂದರೆ ಚಿತ್ರ ಚೊಕ್ಕವಾಗಿಯೇ ಬರುತ್ತದೆ. ಒಂದೇ ಎಳೆತಕ್ಕೆ ಬಾರ್ ತಲೆ ಮೇಲೆ ಹೋಗುವ ಸ್ನ್ಯಾಚ್‌ನಂಥ ಜೋರಿನ ಎತ್ತುವಿಕೆಯಲ್ಲೂ ಸೆಕೆಂಡಿಗೆ ಎರಡು ಮೀಟರ್ ಹತ್ತಿರ, ಎರಡು ಸೆಂಟಿಮೀಟರ್ ಮಸುಕು, ಪರವಾಗಿಲ್ಲ. ಈಗ ಕ್ರಿಕೆಟ್ ಚೆಂಡು ತಗೊಳ್ಳಿ. ಗಂಟೆಗೆ 130 ಕಿಲೋಮೀಟರ್ ಅಂದರೆ ಸೆಕೆಂಡಿಗೆ 36 ಮೀಟರ್. ಅದೇ 1/100 ಶಟರ್‌ನಲ್ಲಿ ಚೆಂಡು 36 ಸೆಂಟಿಮೀಟರ್ ಉದ್ದದ ಬಿಳಿ ಗೀರು. ಅದನ್ನು ಚೆಂಡಾಗಿ ನೋಡಬೇಕೆಂದರೆ ಶಟರ್ 1/1000ಕ್ಕೆ ಹೋಗಬೇಕು, ಆಗಲೂ ಮೂರೂವರೆ ಸೆಂಟಿಮೀಟರ್ ಎಳೆದುಕೊಳ್ಳುತ್ತದೆ. ಶಟರ್ ಹತ್ತು ಪಟ್ಟು ಚುರುಕಾದರೆ ಒಳಗೆ ಬರುವ ಬೆಳಕು ಹತ್ತನೇ ಒಂದು ಪಾಲು. ಬಯಲಿನ ಬಿಸಿಲಲ್ಲಿ ಇದು ಲೆಕ್ಕಕ್ಕೇ ಇಲ್ಲ, ಒಳಗಡೆ ಕಷ್ಟ.

ಹಾಗಾಗಿ ಜಿಮ್‌ಗೆ ಹೊಸ ಕ್ಯಾಮೆರಾ ಬೇಡ. ಇದು ನನ್ನ ಅಭಿಪ್ರಾಯ, ಗಟ್ಟಿಯಾಗಿಯೇ ಹೇಳುತ್ತೇನೆ. ನಿಮ್ಮ ಕೈಯಲ್ಲಿರುವ ಫೋನಿನಲ್ಲಿ ವಿಡಿಯೋಗೆ ಪ್ರೊ ಮೋಡ್ ಇದ್ದರೆ ಶಟರ್ 1/100ಕ್ಕೆ ಕಟ್ಟಿಹಾಕಿ, ಇಲ್ಲದಿದ್ದರೆ ಅದಕ್ಕೆ ಅಂತಲೇ ಇರುವ ಆ್ಯಪ್ ಹಾಕಿಕೊಳ್ಳಿ, ಫೋಕಸ್ ಲಾಕ್ ಮಾಡಿ, ಮಿಕ್ಕ ದುಡ್ಡಲ್ಲಿ ಅಲುಗಾಡದ ಒಂದು ಟ್ರೈಪಾಡ್ ತಗೊಳ್ಳಿ. ಫೋಕಸ್ ಲಾಕ್ ಯಾಕೆ ಅಂದರೆ ಕನ್ನಡಿ. ಮುಖ ಹುಡುಕುವ ಆಟೋಫೋಕಸ್ ಎಷ್ಟು ಜಾಣ ಅಂದರೆ, ಕನ್ನಡಿಯೊಳಗೆ ಪಕ್ಕದವನ ಮುಖ ಕಂಡರೂ ಅಲ್ಲಿಗೆ ಓಡುತ್ತದೆ. ಸ್ಕ್ವಾಟ್ ಮಾಡುವವನು ನಿಂತ ಜಾಗ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಒಂದು ಸಲ ಬಾರ್ ಮೇಲೆ ಫೋಕಸ್ ಮಾಡಿ ಬಿಟ್ಟರೆ ಮುಗಿಯಿತು. ಕಂಪನಿಗಳು ದುಡ್ಡು ಕೇಳುವುದೇ ಆ ಆಟೋಫೋಕಸ್‌ಗೆ, ಜಿಮ್‌ನಲ್ಲಿ ಅದರ ಕೆಲಸವೇ ಇಲ್ಲ ನೋಡಿ.

ಕ್ಯಾಮೆರಾ ಇಡುವ ಜಾಗದ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ಏಕೆಂದರೆ ವಿಡಿಯೋ ಸುಳ್ಳು ಹೇಳುವುದು ಇಲ್ಲೇ. ಪವರ್‌ಲಿಫ್ಟಿಂಗ್ ನಿಯಮದ ಪ್ರಕಾರ ಸ್ಕ್ವಾಟ್‌ನಲ್ಲಿ ಸೊಂಟದ ಸಂದಿಯ ಬಳಿ ತೊಡೆಯ ಮೇಲ್ಭಾಗ ಮೊಣಕಾಲಿನ ಮೇಲ್ಭಾಗಕ್ಕಿಂತ ಕೆಳಗೆ ಹೋಗಬೇಕು. ನಮ್ಮ ಜಿಮ್‌ನಲ್ಲಿ ಒಬ್ಬ ಹುಡುಗ ಫೋನನ್ನು ನೆಲದ ಮೇಲೆ, ನೀರಿನ ಬಾಟಲಿಗೆ ಒರಗಿಸಿ, ಓರೆಯಾಗಿ ಮುಂದಿನಿಂದ ತೆಗೆಯುತ್ತಿದ್ದ. ಪ್ರತಿ ವಿಡಿಯೋದಲ್ಲೂ ಸ್ಕ್ವಾಟ್ ಸಲೀಸಾಗಿ ಕೆಳಗೆ ಹೋದ ಹಾಗೆ ಕಾಣುತ್ತಿತ್ತು. ಕೋಚ್ ಮಾತ್ರ ಪಕ್ಕದಲ್ಲಿ ಕೂತು ತಲೆ ಆಡಿಸುತ್ತಿದ್ದರು, ಇನ್ನೂ ಕೆಳಗೆ, ಇನ್ನೂ ಕೆಳಗೆ. ಇಬ್ಬರೂ ಜಗಳಕ್ಕೇ ಬಂದಿದ್ದರು. ಕಾರಣ ಸರಳ. ಕ್ಯಾಮೆರಾ ತೊಡೆಗಿಂತ ಕೆಳಗಿದ್ದು ಮುಂದಿನಿಂದ ನೋಡಿದರೆ, ಹತ್ತಿರವಿರುವ ಮೊಣಕಾಲು ಎತ್ತರಕ್ಕೆ ಏರಿದಂತೆ ಕಾಣುತ್ತದೆ, ಹಿಂದಿರುವ ಸೊಂಟ ಕೆಳಗೆ ಇಳಿದಂತೆ ಕಾಣುತ್ತದೆ. ಫೋನ್ ಎತ್ತರದಲ್ಲಿಟ್ಟರೆ ಉಲ್ಟಾ, ಸರಿಯಾದ ಸ್ಕ್ವಾಟ್ ಕೂಡ ಅರ್ಧಕ್ಕೆ ನಿಂತಂತೆ. ಫೋನನ್ನು ನೇರ ಪಕ್ಕಕ್ಕೆ ತಂದು, ಕೂತಾಗ ಸೊಂಟ ಬರುವ ಎತ್ತರಕ್ಕೆ ಟ್ರೈಪಾಡ್ ಹಾಕಿ ತೆಗೆದೆವು. ಕೋಚ್ ಹೇಳಿದ್ದೇ ಸರಿ ಇತ್ತು. ಹುಡುಗ ಏನೂ ಮಾತಾಡಲಿಲ್ಲ, ಬಾರಿಂದ ಎರಡು ಪ್ಲೇಟ್ ತೆಗೆದು ಮತ್ತೆ ಶುರು ಮಾಡಿದ.

ಹತ್ತಿರದಿಂದ ವೈಡ್ ಲೆನ್ಸ್‌ನಲ್ಲಿ ತೆಗೆದರೂ ಇಂಥದ್ದೇ ಮೋಸ. ಅಂಚಿನಲ್ಲಿ ಪ್ಲೇಟ್ ಮೊಟ್ಟೆ ಆಕಾರಕ್ಕೆ ತಿರುಗುತ್ತದೆ, ನೇರವಾಗಿ ಹೋದ ಬಾರ್ ವಕ್ರವಾಗಿ ಹೋದಂತೆ ಕಾಣುತ್ತದೆ. ದೂರ ನಿಂತು ಜೂಮ್ ಮಾಡುವುದು ಒಳ್ಳೆಯದು. ಆದರೆ 30×40 ಸೈಟಿನಲ್ಲಿ ದೂರ ಅಂದರೆ ಎಷ್ಟು ದೂರ? ಲೆನ್ಸ್ ಬದಲಾಯಿಸುವ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಸಿಗುವ ಎಪಿಎಸ್-ಸಿ ಅಳತೆಯ ಸೆನ್ಸರಿಗೆ (ಬೆಳಕು ಹಿಡಿಯುವ ಚಿಪ್) 50 ಎಂಎಂ ಲೆನ್ಸ್ ಹಾಕಿದರೆ (ಎಂಎಂ ಜಾಸ್ತಿಯಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ), ಬಾರನ್ನು ತಲೆ ಮೇಲೆ ಎತ್ತಿದವನು ಪೂರ್ತಿ ಕಾಣಲು ಸುಮಾರು ಎಂಟೂವರೆ ಮೀಟರ್ ಹಿಂದೆ ಸರಿಯಬೇಕು. ಅಷ್ಟು ಹಿಂದೆ ಸರಿದರೆ ನಮ್ಮ ಜಿಮ್‌ನಲ್ಲಿ ಟ್ರೆಡ್‌ಮಿಲ್ ದಾಟಿ ಗೋಡೆಗೆ ಬೆನ್ನು ತಾಗುತ್ತದೆ. ಕ್ಯಾಮೆರಾ ಉದ್ದಕ್ಕೆ ತಿರುಗಿಸಿ ಹಿಡಿದರೆ ಐದು ಮೀಟರ್ ಸಾಕು. 50 ಎಂಎಂ, ಎಫ್/1.8 ಲೆನ್ಸ್ ಅಗ್ಗ, ಬೆಳಕೂ ಜಾಸ್ತಿ (ಎಫ್ ಪಕ್ಕದ ಅಂಕಿ ಸಣ್ಣದಾದಷ್ಟೂ ಬೆಳಕು ಹೆಚ್ಚು), ಅದಕ್ಕೇ ಎಲ್ಲರೂ ಅದನ್ನೇ ತಗೋ ಅನ್ನುತ್ತಾರೆ. ಅದು ಮುಖದ ಫೋಟೋ ತೆಗೆಯುವವರ ಸಲಹೆ. ಇಕ್ಕಟ್ಟಿನ ಜಾಗಕ್ಕೆ 24 ಅಥವಾ 30 ಎಂಎಂ ಹತ್ತಿರದ್ದು ವಾಸಿ.

ಈಗ ಬಯಲಿಗೆ ಬರೋಣ. ಹಗಲಿನ ಆಟಕ್ಕೆ ಬೆಳಕಿನ ಚಿಂತೆ ಇಲ್ಲ, ದೂರದ ಚಿಂತೆ. ಮಾನಸಗಂಗೋತ್ರಿಯ ಗ್ಲೇಡ್ಸ್ ಮೈದಾನದಲ್ಲಿ ಬೌಂಡರಿ ಆಚೆ ನಿಂತು ಬೌಲರ್‌ನನ್ನು ತೆಗೆಯಬೇಕೆಂದರೆ ಫೋನಿನಲ್ಲಿ ಕಾಣುವುದು ಇರುವೆಯಷ್ಟು. ಇಲ್ಲಿ ಲೆನ್ಸ್ ಬದಲಾಯಿಸದ ಸೂಪರ್‌ಜೂಮ್ ಕ್ಯಾಮೆರಾಗಳು ಉಪಯೋಗಕ್ಕೆ ಬರುತ್ತವೆ. ಪ್ಯಾನಸೋನಿಕ್ ಎಫ್‌ಝಡ್300 ಅಂತ 2015ರಲ್ಲಿ ಬಂದದ್ದು ಒಂದಿದೆ, 25ರಿಂದ 600 ಎಂಎಂ ತನಕ ಜೂಮ್ ಮಾಡಿದರೂ ಅಪರ್ಚರ್, ಅಂದರೆ ಲೆನ್ಸಿನ ಬಾಯಿ, ಎಫ್/2.8ರಲ್ಲೇ ನಿಲ್ಲುತ್ತದೆ, ತುಂತುರು ಮಳೆ, ಧೂಳು ತಡೆದುಕೊಳ್ಳುತ್ತದೆ. ಸೆನ್ಸರ್ ಸಣ್ಣದು, ಹಾಗಾಗಿ ಸಂಜೆ ಆರರ ಮೇಲೆ ಚಿತ್ರ ಮರಳು ಮರಳಾಗುತ್ತದೆ. ಹ್ಯಾಂಡಿಕ್ಯಾಮ್‌ಗಳ ಕಥೆಯೂ ಇದೇ. ಮಗಳ ಶಾಲೆಯ ಸ್ಪೋರ್ಟ್ಸ್ ಡೇಗೆ ಬಹಳ ಚೆನ್ನ, ರಾತ್ರಿ ಆಟಕ್ಕೆ ಬೇಡ.

ಮೈಸೂರಿನ ಹುಡುಗರಿಗೆ ವೇಗದ ಬೌಲಿಂಗ್ ಹುಚ್ಚು ಹಿಡಿಸಿದ್ದು ಜಾವಗಲ್ ಶ್ರೀನಾಥ್. ಅದು ಇನ್ನೂ ಇಳಿದಿಲ್ಲ. ಬೌಲಿಂಗ್ ಆ್ಯಕ್ಷನ್ ತೆಗೆಯುವವರಿಗೆ ಒಂದು ಮಾತು. ಐಸಿಸಿ ನಿಯಮದಲ್ಲಿ ಮೊಣಕೈ 15 ಡಿಗ್ರಿ ತನಕ ನೆಟ್ಟಗಾಗಬಹುದು. ಅದನ್ನು ಅಳೆಯುವುದು ಲ್ಯಾಬಿನಲ್ಲಿ, ಸುತ್ತಲೂ ಹಲವು ಕ್ಯಾಮೆರಾ ಇಟ್ಟು. ನೀವು ಒಂದೇ ಕಡೆಯಿಂದ ತೆಗೆದ ವಿಡಿಯೋದಲ್ಲಿ ನೆಟ್ಟಗಿರುವ ಕೈಯೂ ತಿರುಗುವಾಗ ಬಾಗಿದಂತೆ ಕಾಣಬಹುದು. ಅದರ ಮೇಲೆ ಅಗ್ಗದ ಸೆನ್ಸರ್‌ಗಳು ಚಿತ್ರವನ್ನು ಮೇಲಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತವೆ, ಜೋರಾಗಿ ಬೀಸಿದ ಬ್ಯಾಟ್ ಬಾಗಿದಂತೆ ಕಾಣುವುದು ಅದಕ್ಕೇ. ಹಾಗಾಗಿ ಫೋನ್ ನೋಡಿ ಹುಡುಗನಿಗೆ ಚಕ್ಕರ್ (ಬೌಲ್ ಮಾಡದೆ ಚೆಂಡು ಎಸೆಯುವವನು) ಅಂತ ಹೆಸರಿಡಬೇಡಿ. ರನ್ ಅಪ್, ಮುಂಗಾಲು ಬೀಳುವ ಜಾಗ, ತಲೆ ವಾಲುವುದು, ಇವುಗಳನ್ನು ನೋಡಿ. ಅದಕ್ಕೆ ಫೋನಿನ 240 ಫ್ರೇಮ್ ಬಿಸಿಲಿನಲ್ಲಿ ಧಾರಾಳವಾಗಿ ಸಾಕು.

ದುಡ್ಡು ಬೇಡುವ ಆಟ ಅಂದರೆ ರಾತ್ರಿ ಕಬಡ್ಡಿ. ಮಂಡ್ಯ ಕಡೆ ಹಬ್ಬ, ಜಾತ್ರೆ ಅಂದರೆ ಹೊನಲು ಬೆಳಕಿನ ಪಂದ್ಯ ಇದ್ದೇ ಇರುತ್ತದೆ. ಕಂಬಕ್ಕೆ ಕಟ್ಟಿದ ಫೋಕಸ್ ಲೈಟು, ಅಂಕಣದ ಸುತ್ತ ಜನ, ಎದ್ದ ಧೂಳು. ಆಟ ಜೋರು, ಬೆಳಕು ಕಮ್ಮಿ, ಎರಡೂ ಒಟ್ಟಿಗೆ. ಫೋನ್ ಇಲ್ಲಿ ಸೋಲುತ್ತದೆ. ನನ್ನ ಅಳಿಯ ಮೊದಲ ಸಲ ಅವನ ರೈಡ್ ನೋಡಿ ಹೇಳಿದ್ದು, "ಇದೇನ್ ಮಾವ, ಕಾಲೇ ಕಾಣಕ್ಕಿಲ್ವಲ್ಲ." ಹೌದು, ಮುಖ ಕಾಣುತ್ತಿತ್ತು, ಕಾಲು ಬರೀ ಮಸುಕು. ರೈಡರ್‌ಗೆ ಮುಖ ಬೇಡ, ಕಾಲೇ ಬೇಕು. ಬೋನಸ್ ಲೈನ್ ದಾಟಿದ ಕಾಲು ನೆಲ ಮುಟ್ಟಿದಾಗ ಹಿಂದಿನ ಕಾಲು ಗಾಳಿಯಲ್ಲಿ ಇತ್ತಾ, ಅಷ್ಟು ಗೊತ್ತಾದರೆ ಅವನಿಗೆ ಆ ವಿಡಿಯೋ ಸಾರ್ಥಕ.

ಇದಕ್ಕೆ ಬೇಕಿರುವುದು ದೊಡ್ಡ ಸೆನ್ಸರ್, ಅಗಲ ಬಾಯಿಯ ಲೆನ್ಸ್. ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸ್ ಜೂಮ್ ತುದಿಯಲ್ಲಿ ಎಫ್/5.6. ಅದರ ಬದಲು ಎಫ್/1.4 ಹಾಕಿದರೆ ಬೆಳಕು 16 ಪಟ್ಟು. ಹೊಸ ಬಾಡಿ (ಲೆನ್ಸ್ ಬಿಟ್ಟು ಮಿಕ್ಕ ಕ್ಯಾಮೆರಾ) ಮೇಲೆ ದುಡ್ಡು ಸುರಿದರೆ ಇಷ್ಟು ಲಾಭ ಸಿಗುವುದಿಲ್ಲ. ಅದಕ್ಕೇ ನಾನು ಬಾಡಿ ಹಳೆಯದು, ಲೆನ್ಸ್ ಒಳ್ಳೆಯದು ಅನ್ನುವ ಲೆಕ್ಕಕ್ಕೆ ಬಂದೆ. ಸೆಕೆಂಡ್ ಹ್ಯಾಂಡ್ ಸೋನಿ ಎ6000, 2014ರ ಮಾಡೆಲ್, ಅದಕ್ಕೆ ಸಿಗ್ಮಾ 30 ಎಂಎಂ, ಎಫ್/1.4, ಅದೂ ಸೆಕೆಂಡ್ ಹ್ಯಾಂಡೇ. 4ಕೆ ಇಲ್ಲ. ಅದಕ್ಕಿಂತ ಕಡಿಮೆ ವಿವರದ 1080ಪಿ, 50 ಫ್ರೇಮ್. ಸಾಕು. 4ಕೆಯಲ್ಲಿ 25 ಫ್ರೇಮ್ ಮತ್ತು 1080ಪಿಯಲ್ಲಿ 50 ಫ್ರೇಮ್ ಎರಡರಲ್ಲಿ ಒಂದು ಆರಿಸು ಅಂದರೆ ಆಟಕ್ಕೆ ಎರಡನೆಯದೇ. ಅಂಗಡಿಯವರು 4ಕೆ ಅಂತ ಎಷ್ಟು ಒತ್ತಿ ಹೇಳಿದರೂ ಅಷ್ಟೇ.

ಇದಕ್ಕೆ ಕೊರತೆಗಳೂ ಇವೆ. ಮೈಕ್ ಹಾಕುವ ತೂತೇ ಇಲ್ಲ. ಬ್ಯಾಟರಿ ಸಣ್ಣದು, ಜೇಬಲ್ಲಿ ಇನ್ನೆರಡು ಇರಲೇಬೇಕು. ಒಂದೇ ಸಲಕ್ಕೆ 29 ನಿಮಿಷಕ್ಕಿಂತ ಜಾಸ್ತಿ ರೆಕಾರ್ಡ್ ಆಗುವುದಿಲ್ಲ. ಆ 29 ನಿಮಿಷದ ಹಿಂದೆ ಒಂದು ತಮಾಷೆ ಇದೆ. ಯುರೋಪಿನಲ್ಲಿ ಅರ್ಧ ಗಂಟೆಗೂ ಮೀರಿ ರೆಕಾರ್ಡ್ ಮಾಡುವುದನ್ನು ವಿಡಿಯೋ ಕ್ಯಾಮೆರಾ ಅಂತ ಲೆಕ್ಕ ಹಿಡಿದು ಜಾಸ್ತಿ ಸುಂಕ ಹಾಕುತ್ತಿದ್ದರು, ಅದನ್ನು ತಪ್ಪಿಸೋಕೆ ಕಂಪನಿಗಳು 29ಕ್ಕೆ ನಿಲ್ಲಿಸಿದವು, ಅದರ ಫಲ ಮಂಡ್ಯದ ಕಬಡ್ಡಿ ಅಂಕಣದ ಪಕ್ಕ ಕೂತ ನಾವು ಉಣ್ಣಬೇಕು. ಗಂಡಸರ ಕಬಡ್ಡಿಯಲ್ಲಿ ಅರ್ಧಕ್ಕೆ 20 ನಿಮಿಷ, ಟೈಮ್ ಔಟ್ ಸೇರಿದರೆ ಎಳೆಯುತ್ತದೆ. ಟೈಮ್ ಔಟ್ ಬಂದಾಗಲೆಲ್ಲ ನಿಲ್ಲಿಸಿ ಮತ್ತೆ ಒತ್ತುವುದು ರೂಢಿ ಮಾಡಿಕೊಂಡರೆ ಆಯಿತು. ಬಜೆಟ್ ಇನ್ನಷ್ಟು ಹಿಗ್ಗಿಸಬಲ್ಲವರು 2019ರ ಎ6400 ನೋಡಿ. ಅದಕ್ಕೆ ಈ ಮಿತಿ ಇಲ್ಲ, ಮೈಕ್ ತೂತು ಇದೆ, ಪಾಲ್‌ನಲ್ಲಿ 100 ಫ್ರೇಮ್ ಸಿಗುತ್ತದೆ. 2022ರ ನಿಕಾನ್ ಝಡ್30 ಕೂಡ ಒಳ್ಳೆಯದೇ. ಕ್ಯಾನನ್ ಎಂ50 ಮದುವೆ ಹುಡುಗರ ಹತ್ತಿರ ಬೇಕಾದಷ್ಟು ಸಿಗುತ್ತದೆ. ಅದರಲ್ಲಿ 4ಕೆ ಹಾಕಿದರೆ ಚಿತ್ರ ಕತ್ತರಿಸಿ ಹತ್ತಿರ ತರುತ್ತದೆ, ಫೋಕಸ್ಸೂ ನಿಧಾನ, 1080ಪಿಯಲ್ಲೇ ಇಟ್ಟುಕೊಳ್ಳಬೇಕು.

ಜಾಗ ಇಲ್ಲೂ ಮುಖ್ಯ. ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ನೆಲದಲ್ಲಿ ಕೂತು ತೆಗೆದರೆ ಗೆರೆಗಳೆಲ್ಲ ಒಂದರ ಮೇಲೊಂದು ಬಿದ್ದು ಯಾರ ಕಾಲು ಎಲ್ಲಿ ಅಂತ ತಿಳಿಯುವುದಿಲ್ಲ. ಎತ್ತರ ಬೇಕು. ನಮ್ಮೂರಲ್ಲಿ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಟ್ರೈಲರ್ ಒಂದನ್ನು ಪಕ್ಕಕ್ಕೆ ನಿಲ್ಲಿಸಿರುತ್ತಾರೆ. ಅದರ ಮೇಲೆ ಟ್ರೈಪಾಡ್ ಹಾಕಿದರೆ ಅರ್ಧ ಅಂಕಣ ಗೆರೆ ಸಮೇತ ಕಾಣುತ್ತದೆ. ಒಂದೇ ತೊಂದರೆ, ಟ್ರೈಲರ್ ಮೇಲೆ ಇನ್ನೂ ಇಪ್ಪತ್ತು ಜನ ಹತ್ತಿರುತ್ತಾರೆ, ಒಳ್ಳೆ ಟ್ಯಾಕಲ್ ಆದಾಗ ಎಲ್ಲರೂ ಕುಣಿಯುತ್ತಾರೆ. ನಿಖರವಾಗಿ ಬೇಕಿದ್ದ ಆ ಕ್ಷಣದಲ್ಲೇ ಚಿತ್ರ ಅಲ್ಲಾಡುತ್ತದೆ. ಇದಕ್ಕೆ ಯಾವ ಕಂಪನಿಯ ಸ್ಟೆಬಿಲೈಸೇಷನ್ನೂ ಔಷಧಿ ಅಲ್ಲ.

ಕೊಕ್ಕೊಗೆ ಇದೇ ಸೆಟಪ್ ಸಾಲದು. ಅಂಕಣ 27 ಮೀಟರ್ ಉದ್ದ, ಓಟಗಾರ ಸರಪಳಿ ಹಾಗೆ ಒಳಗೆ ಹೊರಗೆ ನುಗ್ಗುತ್ತಾನೆ. ಟ್ರೈಪಾಡ್ ತಲೆ ಸರಾಗವಾಗಿ ತಿರುಗಬೇಕು. 2025ರ ಜನವರಿಯಲ್ಲಿ ಮೊದಲ ಕೊಕ್ಕೊ ವಿಶ್ವಕಪ್ ಗೆದ್ದ ಭಾರತ ತಂಡಗಳಲ್ಲಿ ಟಿ. ನರಸೀಪುರ ತಾಲೂಕಿನ ಕುರುಬೂರಿನ ಚೈತ್ರಾ, ಮಂಡ್ಯದ ಗೌತಮ್ ಇದ್ದರು. ಆಮೇಲೆ ಈ ಕಡೆಯ ಮೈದಾನಗಳಲ್ಲಿ ಸಂಜೆ ಫೋನ್ ಹಿಡಿದು ನಿಂತವರು ಜಾಸ್ತಿ ಕಾಣುತ್ತಿದ್ದಾರೆ ಅನ್ನಿಸುತ್ತದೆ ನನಗೆ.

ಕಾರ್ಡ್ ವಿಷಯ ಬೇಗ ಮುಗಿಸುತ್ತೇನೆ. ವಿ30 ಅಥವಾ ಯು3 ಅಂತ ಬರೆದಿದ್ದರೆ ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುತ್ತದೆ, ಅಷ್ಟು ಸಾಕು. ಸೆಕೆಂಡಿಗೆ 50 ಮೆಗಾಬಿಟ್‌ನ ವಿಡಿಯೋ ಗಂಟೆಗೆ 22 ಜಿಬಿ ಸುಮಾರು ತಿನ್ನುತ್ತದೆ. ಫುಟ್‌ಪಾತ್ ಮೇಲೆ ಸಿಗುವ ಅಗ್ಗದ ಕಾರ್ಡ್ ಬೇಡವೇ ಬೇಡ.

ಗರಡಿಯಲ್ಲಿ ತೆಗೆಯುವವರಿಗೆ ಒಂದು ಎಚ್ಚರಿಕೆ. ಮೈಸೂರಿನ ಗರಡಿ ಮನೆಗಳ ಕೆಮ್ಮಣ್ಣು ಎಣ್ಣೆ, ಅರಿಶಿನ ಸೇರಿ ಹದವಾದದ್ದು, ಹಾರಿದರೆ ಅಂಟಿಕೊಳ್ಳುತ್ತದೆ. ಅಲ್ಲಿ ಲೆನ್ಸ್ ಬದಲಾಯಿಸಬೇಡಿ, ಮನೆಯಿಂದಲೇ ಹಾಕಿಕೊಂಡು ಹೋಗಿ. ಮಟ್ಟಿ (ಕುಸ್ತಿಯ ಮಣ್ಣಿನ ಅಂಕಣ) ಹತ್ತಿರ ಹೋಗುವ ಮುಂಚೆ ಚಪ್ಪಲಿ ಬಿಡಿ, ಉಸ್ತಾದರನ್ನು ಕೇಳಿ. ಕಿಟಕಿ ಸಣ್ಣದು, ಹೊಳೆಯುವ ಮೈ, ಕತ್ತಲೆ ಮೂಲೆ, ಎಕ್ಸ್‌ಪೋಷರ್ (ಬೆಳಕಿನ ಹದ) ಆಟೋದಲ್ಲಿ ಬಿಟ್ಟರೆ ಪೈಲ್ವಾನರ ಬೆನ್ನು ಬೆಳ್ಳಗೆ ಸುಟ್ಟಂತಾಗುತ್ತದೆ. ಮ್ಯಾನುಯಲ್ ಇಡಿ.

ಕೇಳಿ ತೆಗೆಯುವುದು ಜಿಮ್‌ನಲ್ಲೂ ಅಷ್ಟೇ ಮುಖ್ಯ. ಕನ್ನಡಿ ಇರುವ ಕಡೆ ನಿಮ್ಮ ಫ್ರೇಮಿನಲ್ಲಿ ಯಾರ್ಯಾರು ಬೀಳುತ್ತಾರೆ ಅಂತ ನಿಮಗೇ ಗೊತ್ತಿರುವುದಿಲ್ಲ. ಹೆಣ್ಣುಮಕ್ಕಳು ಬರುವ ಹೊತ್ತಿಗೆ ಟ್ರೈಪಾಡ್ ಮಡಚುವುದು ವಾಸಿ. ಸಣ್ಣ ಮಕ್ಕಳ ತರಬೇತಿ ತೆಗೆದರೆ ಅಪ್ಪ ಅಮ್ಮನಿಗೆ ತಿಳಿಸಿ, ಗ್ರೂಪಿಗೆ ಹಾಕಬೇಡಿ.

ಇನ್ನೊಂದು, ತೆಗೆದದ್ದನ್ನು ಯಾವಾಗ ತೋರಿಸಬೇಕು ಅನ್ನುವುದು. ನಮ್ಮ ಹುಡುಗರು ಪ್ರತಿ ಸೆಟ್ ಆದ ಕೂಡಲೇ ಫೋನ್ ಕಡೆ ಓಡುತ್ತಾರೆ. ಉಸಿರು ಇನ್ನೂ ಇಳಿದಿರುವುದಿಲ್ಲ, ಆಗಲೇ ನೋಡುವುದು, ಝೂಮ್ ಮಾಡುವುದು, ಮುಂದಿನ ಸೆಟ್‌ಗೆ ತಲೆಯಲ್ಲಿ ಹತ್ತು ಯೋಚನೆ. ಅಳಿಯನೂ ಹಾಗೇ ಆಗಿದ್ದ. ರೈಡ್ ಮಧ್ಯೆ ಟ್ರೈಲರ್ ಕಡೆ ಕಣ್ಣು ಹಾಯಿಸುತ್ತಿದ್ದ, ತೊಡೆ ತಟ್ಟುವುದು ಕೂಡ ಕ್ಯಾಮೆರಾ ಕಡೆಗೆ ತಿರುಗಿಯೇ. ಈಗ ಅವನಿಗೆ ಪಂದ್ಯದ ದಿನ ಏನೂ ತೋರಿಸುವುದಿಲ್ಲ. ಮಾರನೆ ದಿನ ಕೂತು, ಸೌಂಡ್ ಬಂದ್ ಮಾಡಿ, ನಾಲ್ಕೈದು ರೈಡ್ ಮಾತ್ರ, ಅವುಗಳಲ್ಲಿ ಎರಡು ರೈಡ್ ಪಾಯಿಂಟ್ ತಂದವಾಗಿರಬೇಕು. ಸೋತದ್ದನ್ನೇ ಮತ್ತೆ ಮತ್ತೆ ನೋಡಿದರೆ ಹುಡುಗ ಕುಗ್ಗುತ್ತಾನೆ. ಮಿಕ್ಕದ್ದು ಅಳಿಸಿಬಿಡುತ್ತೇನೆ. ಅವನಿಗೆ ಅದು ಇಷ್ಟ ಇಲ್ಲ, ರೀಲ್ಸ್‌ಗೆ ಬೇಕು ಅಂತಾನೆ. ರೀಲ್ಸ್‌ಗೆ ಬೇಕಿದ್ದರೆ ಅವನ ಗೆಳೆಯರು ಮುಖ ತೆಗೆಯುತ್ತಾರೆ, ಚೆನ್ನಾಗಿಯೇ ತೆಗೆಯುತ್ತಾರೆ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಶಟರ್ ಎಷ್ಟು ಸಲ ಬಿದ್ದಿದೆ ಅಂತ ತಲೆ ಕೆಡಿಸಿಕೊಳ್ಳುವುದು ಬೇಡ, ವಿಡಿಯೋದಲ್ಲಿ ಆ ಶಟರ್ ಪ್ರತಿ ಫ್ರೇಮಿಗೂ ಬಡಿಯುವುದಿಲ್ಲ. ಲೆನ್ಸನ್ನು ಟಾರ್ಚ್ ಬೆಳಕಿಗೆ ಹಿಡಿದು ಒಳಗೆ ಜೇಡರ ಬಲೆಯಂಥ ಫಂಗಸ್ ಇದೆಯಾ ನೋಡಿ. ಬ್ಯಾಟರಿ ಉಬ್ಬಿದೆಯಾ, ಕಾರ್ಡ್ ಬಾಗಿಲು ಸರಿಯಾಗಿ ಮುಚ್ಚುತ್ತದಾ ನೋಡಿ. ಅಂಗಡಿಯಲ್ಲೇ ಕಾಫಿ ಕುಡಿಯುತ್ತಾ ಇಪ್ಪತ್ತು ನಿಮಿಷ ರೆಕಾರ್ಡ್‌ಗೆ ಬಿಡಿ, ಬಿಸಿಯಾಗಿ ನಿಲ್ಲುತ್ತದಾ ಅಂತ ತಿಳಿಯುತ್ತದೆ. ಬಿಳಿ ಗೋಡೆ ತೆಗೆದು ಕಲೆ ಇದೆಯಾ ಗಮನಿಸಿ. ಅವಸರ ಇಲ್ಲದಿದ್ದರೆ ಆಷಾಢದ ತನಕ ಕಾಯಿರಿ. ಆಗ ಮದುವೆ ಇರುವುದಿಲ್ಲ, ಫೋಟೋಗ್ರಾಫರ್ ಹುಡುಗರ ಕೈಯಲ್ಲಿ ಕೆಲಸ ಕಡಿಮೆ, ಹಳೆಯದನ್ನು ಕೊಟ್ಟು ಹೊಸದು ತಗೊಳ್ಳುವ ಮಾತಾಡುತ್ತಿರುತ್ತಾರೆ, ಚೌಕಾಸಿಗೂ ಸಿಗುತ್ತಾರೆ. ಶ್ರಾವಣ ಬಂತೆಂದರೆ ಅದೇ ಕ್ಯಾಮೆರಾಗೆ ಎರಡು ಸಾವಿರ ಜಾಸ್ತಿ ಹೇಳುತ್ತಾರೆ.